ಎಲ್ಲರ ಹಿಂದೆ ನಡೆಯುವ ಹುಚ್ಚರಾಯಪ್ಪ

ಹುಚ್ಚರಾಯಪ್ಪನವರನ್ನು ನಾನು ಮೊದಲು ಕಂಡದ್ದು, ನಾವು ಹತ್ತು ಮಂದಿ ನಿವೃತ್ತ ಮೇಷ್ಟರು ಸೊರಬದಿಂದ ಹೊರಟು, ಬೆಟ್ಟದ ಕಾಡಿನಲ್ಲಿ ನಡೆದು ಒಂದು ರಾತ್ರಿ ತಂಗಿ ಬಂದಾಗ. ದಾರಿ ತೋರಿಸಬೇಕಾದ ಅವರು ಕಾಡು ಹೊಕ್ಕೊಡನೆ ಎಲ್ಲರಿಗಿಂತ ಹಿಂದೆ ಸರಿದರು. "ಏನ್ರೀ, ನೀವೇ ಹಿಂದಾದ್ರೆ ಹೆಂಗೆ?" ಎಂದೆ. "ಕಾಲುದಾರಿ ಒಂದೇ ಐತ್ರೀ ಮೇಷ್ಟ್ರೇ, ಅದೆಲ್ಲೂ ತಪ್ಪಿಸ್ಕಳಲ್ಲ. ತಪ್ಪಿಸ್ಕಳೋರು ನೀವು!" ಎಂದು ನಕ್ಕರು. ಅವರ ದರ್ಬಾರೆಲ್ಲ ಹಿಂದಿನಿಂದಲೇ: ರಕ್ತ ಹೀರುವ ಉಂಬಳ ಕಚ್ಚಿದವರಿಗೆ ಸುಣ್ಣ, ಏದುಸಿರು ಬಿಡುವವರಿಗೆ ಬೆಲ್ಲ, ಹರಟುತ್ತ ನಿಂತವರಿಗೆ ಒಂದು ಸಿಳ್ಳೆ. ಹುಲಿಯೇ ಹಿಂಬಾಲಿಸಿ ಬಂದರೂ "ನೀನು ಮುಂದೆ ನಡಿಯಪ್ಪ" ಎಂದಾರು. ಸಂಜೆ ಒಲೆಗೆ ಕಲ್ಲು ಹೂಡುವಾಗ ಕಾರಣ ಹೇಳಿದರು. ಮೊದಲ ಸಲ ಜನರನ್ನು ಕರೆತಂದಾಗ ಅವರು ಮುಂದೆಯೇ ನಡೆದಿದ್ದರಂತೆ. ತಂಗುವ ಜಾಗದಲ್ಲಿ ತಿರುಗಿ ನೋಡಿದರೆ ಕೊನೆಯಲ್ಲಿದ್ದ ವರದಮ್ಮನೆಂಬ ಹಿರಿಯ ಹೆಂಗಸು ಇರಲಿಲ್ಲ. ಬೆಳಗಿನ ಜಾವ ಸಿಕ್ಕ ಆಕೆ ಒಂದು ಮಾತೂ ಬೈಯಲಿಲ್ಲ; ಊರು ಮುಟ್ಟುವವರೆಗೆ ಇವರ ಕೈಯನ್ನು ಮಾತ್ರ ಬಿಡಲಿಲ್ಲ. ಈಗ ಹುಚ್ಚರಾಯಪ್ಪನವರಿಗೆ ಮಂಡಿನೋವು. ಆದರೂ ಎಲ್ಲರಿಗಿಂತ ಕೊನೆಯಲ್ಲಿ ನಡೆಯುವವನು ತಾನೇ ಎಂಬುದು ಅವರ ನಂಬಿಕೆ. ಈಗ ಜೊತೆಗೆ ಬರುವ ಮಗಳು ಮಾಲಾ ಮಾತ್ರ ಶೂಸಿನ ದಾರ ಬಿಚ್ಚಿತೆಂಬ ನೆಪ ಹೇಳಿ, ಪ್ರತಿ ಸಲವೂ ಅವರಿಗಿಂತ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಾಳೆ.