ಒಂದೇ ವಾರದಲ್ಲಿ ಮೂರು ಕೇಜಿ

ನಾನು ಚೊಚ್ಚಲ ಬಸುರಿಯಾಗಿದ್ದಾಗ ವಾರವಾರ ನನ್ನ ತೂಕ ನೋಡುತ್ತಿದ್ದದ್ದು ಆಸ್ಪತ್ರೆಯಲ್ಲಲ್ಲ, ರಾಮಮೂರ್ತಿ ನಗರದ ನಮ್ಮ ಬೀದಿಯ ತುದಿಯಲ್ಲಿದ್ದ ಹಿಟ್ಟಿನ ಗಿರಣಿಯಲ್ಲಿ. ಅಲ್ಲಿ ರಾಗಿ ಮೂಟೆ ತೂಗುವ ದೊಡ್ಡದೊಂದು ಯಂತ್ರವಿತ್ತು. ಪ್ರತಿ ಗುರುವಾರ ಅತ್ತೆ ರಾಗಿ ಡಬ್ಬದ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೊದಲು ರಾಗಿ, ಆಮೇಲೆ ನಾನು. ಗಿರಣಿಯವನು ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿ ನನ್ನ ತೂಕವನ್ನು ಕೂಗಿ ಹೇಳುತ್ತಿದ್ದ. ಸರದಿಯಲ್ಲಿ ನಿಂತ ಹೆಂಗಸರೆಲ್ಲ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಗುತ್ತಿತ್ತು, ಅತ್ತೆಗೆ ಮಾತ್ರ ಹಬ್ಬ.

ಅವರ ಹಬ್ಬಕ್ಕೆ ಕಾರಣವಿತ್ತು. ಅವರದು ಅಲ್ಲಿಯದೇ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಹೋದರೂ ಮನೆಯ ಕಟ್ಟುಪಾಡು ಹಾಗೇ ಉಳಿದಿತ್ತು. ಮೊದಲ ಹೆರಿಗೆಗೆ ಸೊಸೆಯನ್ನು ಒಂಬತ್ತನೇ ತಿಂಗಳಲ್ಲಿ ತವರಿಗೆ ಕಳಿಸಬೇಕು, ಕಳಿಸುವಾಗ ಅವಳು ಮೈಕೈ ತುಂಬಿಕೊಂಡಿರಬೇಕು. ಸೊರಗಿದ ಸೊಸೆಯನ್ನು ಕಳಿಸಿದರೆ ಅತ್ತೆ ಊಟ ಹಾಕಲಿಲ್ಲ ಎಂದು ಬೀಗರು ಆಡಿಕೊಳ್ಳುತ್ತಾರೆ. ನನ್ನ ತವರು ಹಲಸೂರು. ಅಲ್ಲಿನವರ ಬಾಯಿ ಎಂಥದು ಎಂಬುದು ಅತ್ತೆಗೆ ನನ್ನನ್ನು ನೋಡಿಯೇ ಅಂದಾಜಾಗಿತ್ತು.

ಇದು ತೊಂಬತ್ತರ ದಶಕದ ಮಾತು. ಹಲಸೂರಿನಲ್ಲಿ ಅಮ್ಮನ ಮನೆಯ ಹತ್ತಿರದ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ನನ್ನ ಹೆಸರು ಬರೆಸಿದ್ದರು. ಅಲ್ಲಿಗೆ ತಪಾಸಣೆಗೆ ಹೋಗುವುದೆಂದರೆ ಎರಡು ಬಸ್ಸು ಬದಲಾಯಿಸಬೇಕು, ಅರ್ಧ ದಿನ ಬೆಂಚಿನ ಮೇಲೆ ಕೂರಬೇಕು. ಕೂತು ಕೂತು ಒಳಗೆ ಹೋದರೆ ಸಿಸ್ಟರು ತೂಕ ನೋಡುವರು, ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ಬಿಪಿ ನೋಡುವರು, ಕಾರ್ಡಿನಲ್ಲಿ ಏನೋ ಗೀಚಿ ಕಳಿಸುವರು. ಎಂಟನೇ ತಿಂಗಳ ತಪಾಸಣೆಯ ದಿನ ಬಂದಾಗ ಅತ್ತೆ ಕೇಳಿದರು, “ಅಷ್ಟು ದೂರ ಹೋಗಿ ಅವ್ರೇನು ಮಾಡ್ತಾರೆ? ತೂಕ ತಾನೆ? ಅದು ಗಿರಣೀಲೇ ಆಯ್ತೈತಲ್ಲ.” ಬಸ್ಸಿನ ನೂಕುನುಗ್ಗಲು ನೆನೆದು ನಾನೂ ತಲೆಯಾಡಿಸಿದೆ. ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವುದಿಲ್ಲ, ಅದರಲ್ಲಿ ಅರ್ಧ ಪಾಲು ನನ್ನದೇ.

ಅದಾದ ಮುಂದಿನ ಗುರುವಾರ ಗಿರಣಿಯವನು ಕೂಗಿದ ಅಂಕಿ ಕೇಳಿ ಅತ್ತೆಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಹತ್ತಿಸಿ ನೋಡಿದರು. ಒಂದೇ ವಾರದಲ್ಲಿ ಮೂರು ಕೇಜಿ ಏರಿದ್ದೆ. “ನೋಡ್ರಮ್ಮ, ಏನು ಮುದ್ದೆ ಹಾಕಿದೀನೋ ಅದೆಲ್ಲ ಮೈಗೆ ಹತ್ತೈತೆ” ಎಂದು ಸರದಿಯವರಿಗೆಲ್ಲ ಹೇಳಿದರು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಮುಖ ದುಂಡಗಾಗಿತ್ತು, ಕಣ್ಣಿನ ರೆಪ್ಪೆ ದಪ್ಪಗಾಗಿತ್ತು. ಬೆಳಗ್ಗೆ ಎದ್ದಾಗ ಕೈಬೆರಳು ಮಡಚಲು ಬರುತ್ತಿರಲಿಲ್ಲ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಅತ್ತೆ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ಅದನ್ನು ತೆಗೆದರು. ಕಾಲುಂಗುರ ಇಲ್ಲದೆ ಇರಬಾರದೆಂದು ಅರಿಶಿನದ ದಾರ ಕಟ್ಟಿದರು. ಸತ್ಯ ಹೇಳಬೇಕೆಂದರೆ ಆ ದುಂಡು ಮುಖ ನನಗೂ ಹಿಡಿಸಿತ್ತು. ಹುಟ್ಟಾ ಕಡ್ಡಿಯಂತಿದ್ದವಳು ನಾನು.

ತಲೆನೋವು ಆ ವಾರದ ಮೊದಲಲ್ಲೇ ಶುರುವಾಗಿತ್ತು. ಅದಕ್ಕೂ ನನ್ನ ಹತ್ತಿರ ಕಾರಣ ಸಿದ್ಧವಿತ್ತು. ಮನೆಯ ಎದುರಿಗೆ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯಿತ್ತು. ಆ ದಿನಗಳಲ್ಲಿ ನಮ್ಮ ಕಡೆ ದಿನಕ್ಕೊಂದು ಮನೆ ಏಳುತ್ತಿದ್ದರಿಂದ ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ನೀಲಿ ಬೆಳಕು ಫಳಫಳ ಎನ್ನುತ್ತಿತ್ತು. ಅಂಗಡಿಯವರು ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ವಯಸ್ಸಾದ ಸಾಬರು, ಮೃದು ಮಾತಿನವರು. ನನ್ನ ಕಣ್ಣ ಮುಂದೆ ಆಗಾಗ ಬೆಳಕಿನ ಚುಕ್ಕೆಗಳು ಹಾರಿದಂತೆ, ಅಂಚಿನಲ್ಲಿ ಮಿಂಚಿದಂತೆ ಆಗತೊಡಗಿದಾಗ ನಾನು ನೇರವಾಗಿ ಹೋಗಿ ಅವರನ್ನು ತರಾಟೆಗೆ ತೆಗೆದುಕೊಂಡೆ.

“ನಿಮ್ಮ ಬೆಂಕಿ ನೋಡಿ ನೋಡಿ ನನ್ನ ಕಣ್ಣು ಹಾಳಾಗ್ತಿದೆ. ಬಸುರಿ ಹೆಂಗಸು ಇದ್ದಾಳೆ ಅಂತ ಗೊತ್ತಾಗಲ್ವಾ?”

“ಮಾಫ್ ಮಾಡಮ್ಮ, ನಾಳೆ ಪರದೆ ಹಾಕ್ತೀನಿ” ಎಂದರು. ಮಾರನೆಯ ದಿನ ಹೇಳಿದಂತೆಯೇ ರಸ್ತೆಯ ಕಡೆಗೆ ದಪ್ಪನೆಯ ತಾಡಪಾಲು ಇಳಿಬಿಟ್ಟಿದ್ದರು. ಮಿಂಚು ಮಾತ್ರ ನಿಲ್ಲಲಿಲ್ಲ. ತಾಡಪಾಲು ಸರಿಯಾಗಿ ಕಟ್ಟಿಲ್ಲ ಎಂದು ಎರಡನೇ ಸಲವೂ ಹೋಗಿ ಬೈದು ಬಂದೆ. ಅಷ್ಟರಲ್ಲಿ ಪಕ್ಕೆಲುಬಿನ ಕೆಳಗೆ, ಬಲಗಡೆ, ಯಾರೋ ಮುಷ್ಟಿಯಿಂದ ಒತ್ತಿ ಹಿಡಿದಂತೆ ನೋವು ಬೇರೆ. ಮಗು ಒದೆಯುತ್ತಿದೆ ಎಂದು ಅತ್ತೆ, ಗ್ಯಾಸು ಎಂದು ನನ್ನ ಗಂಡ. ಅವರು ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಯಾವ ಕಾಯಿಲೆಗೂ ಜೀರಿಗೆ ನೀರೇ ಮದ್ದು ಎಂದು ನಂಬಿದ್ದರು.

ಗಿರಣಿಗೆ ಹೋಗಿ ಬಂದ ಮರುದಿನ ಶುಕ್ರವಾರ. ಮಧ್ಯಾಹ್ನ ಊಟ ಮಾಡಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ಕಣ್ಣು ಮುಚ್ಚಿದರೂ ಫಳಫಳ. ನನಗೆ ಸಿಟ್ಟು ನೆತ್ತಿಗೇರಿತು. ಇವತ್ತು ಆ ಮನುಷ್ಯನಿಗೆ ಒಂದು ಗತಿ ಕಾಣಿಸಬೇಕು ಎಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ದಾಟಿ ಹೋದೆ. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಅಂಗಡಿಯ ಷಟರು ಮುಚ್ಚಿತ್ತು.

ಹಿಂದೆಯೇ ಅತ್ತೆ ಕೈಯಲ್ಲಿ ಸೌಟು ಹಿಡಿದು ಓಡಿ ಬಂದರು. “ಯಾರ ಮೇಲೆ ಹಾರಾಡ್ತಿದ್ದೀಯ? ಇವತ್ತು ಶುಕ್ರವಾರ, ಅವ್ರು ಹನ್ನೆರಡಕ್ಕೇ ಬಾಗ್ಲು ಹಾಕ್ಕೊಂಡು ನಮಾಜಿಗೆ ಹೋಗವ್ರೆ.”

ಆ ಮುಚ್ಚಿದ ಷಟರಿನ ಮೇಲೂ ನನ್ನ ಕಣ್ಣಿಗೆ ಮಿಂಚು ಕುಣಿಯುತ್ತಿತ್ತು. ಎರಡು ಗಂಟೆ ಹೊತ್ತಿನಿಂದ ಎದುರಿಗೆ ಒಂದು ಕಿಡಿಯೂ ಹಾರಿರಲಿಲ್ಲ. ಇಷ್ಟು ದಿನ ನಾನು ಬೈದದ್ದು ತಪ್ಪು ಮನುಷ್ಯನನ್ನು. ಬೆಂಕಿ ಹೊರಗಿರಲಿಲ್ಲ, ನನ್ನೊಳಗೇ ಇತ್ತು. ಏಳನೇ ತಿಂಗಳಲ್ಲಿ ಸಿಸ್ಟರು ಕಾರ್ಡು ಕೊಡುತ್ತಾ ಹೇಳಿದ ಮಾತು ಆಗ ನೆನಪಾಯಿತು. “ತಲೆನೋವು ಬಿಡದೇ ಇದ್ರೆ, ಕಣ್ಣು ಮುಂದೆ ಮಿಂಚಿದಂಗಾದ್ರೆ, ಮುಖ ಕೈ ಊದ್ಕೊಂಡ್ರೆ, ಎದೆಗೂಡಿನ ಕೆಳಗೆ ನೋವು ಬಂದ್ರೆ ಡೇಟ್ ಕಾಯ್ಬೇಡ, ಬಂದ್ಬಿಡು.” ಅವತ್ತು ಪಕ್ಕದವಳ ಸೀರೆ ಅಂಚು ನೋಡುತ್ತಾ ಹೂಂ ಹೂಂ ಎಂದಿದ್ದೆ. ಈಗ ಒಂದೊಂದಾಗಿ ಲೆಕ್ಕ ಹಾಕಿದರೆ ನಾಲ್ಕೂ ನನ್ನಲ್ಲಿದ್ದವು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದೇ ಇಲ್ಲ.

“ಆಸ್ಪತ್ರೆಗೆ ಹೋಗ್ಬೇಕು, ಈಗ್ಲೇ” ಎಂದೆ.

“ದೃಷ್ಟಿ ಕಣೆ ಅದು. ನಿನ್ನೆ ಗಿರಣೀಲಿ ಎಲ್ಲರ ಕಣ್ಣೂ ನಿನ್ನ ಮೇಲೇ ಇತ್ತು. ಮೊದ್ಲು ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ, ಆಮೇಲೆ ನೋಡೋಣ.”

“ನಿವಾಳಿಸೋ ಅಷ್ಟರಲ್ಲಿ ನಾನು ಸತ್ತೋಗಿರ್ತೀನಿ!” ಎಂದು ಬೀದಿಗೆಲ್ಲ ಕೇಳುವಂತೆ ಅರಚಿದೆ.

ಅಷ್ಟರಲ್ಲಿ ನಮಾಜು ಮುಗಿಸಿ ಬಂದ ವೆಲ್ಡಿಂಗ್ ಸಾಬರು ದೂರದಿಂದಲೇ ನನ್ನನ್ನು ನೋಡಿ, ಮೂರನೇ ಸಲದ ಬೈಗುಳ ಕಾದಿದೆ ಎಂದುಕೊಂಡು ನಿಧಾನ ಮಾಡಿದರಂತೆ. ನನ್ನ ಮುಖ ಕಂಡದ್ದೇ ಏನೂ ಕೇಳದೆ ಹಿಂತಿರುಗಿ ಆಟೋ ಸ್ಟ್ಯಾಂಡಿನ ಕಡೆ ಓಡಿದರು. ಅವರು ಆಟೋ ತರುವುದಕ್ಕೂ ಅತ್ತೆ ಒಳಗಿನಿಂದ ಉಪ್ಪು ಮೆಣಸಿನಕಾಯಿ ತರುವುದಕ್ಕೂ ಸರಿಹೋಯಿತು. ಆಟೋದಲ್ಲಿ ಕೂತ ನನ್ನ ಮುಖದ ಮುಂದೆ ಮೂರು ಸುತ್ತು ತಿರುಗಿಸಿ, ಕೈಯಲ್ಲಿದ್ದುದನ್ನು ಮೋರಿಗೆ ಎಸೆದು ಅತ್ತೆಯೂ ಹತ್ತಿದರು. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಿಂದ ಹಲಸೂರಿನವರೆಗೆ ಹಳೆ ಮದ್ರಾಸ್ ರಸ್ತೆಯ ಗುಂಡಿ ಬಂದಾಗಲೆಲ್ಲ “ಮೆಲ್ಲಗೆ ಹೋಗಪ್ಪಾ” ಎನ್ನುವುದು, ಗುಂಡಿ ದಾಟಿದೊಡನೆ “ಬೇಗ ಹೋಗಪ್ಪಾ” ಎನ್ನುವುದು. ಆಟೋದವನು ಒಂದು ಮಾತೂ ಆಡಲಿಲ್ಲ, ಪುಣ್ಯಾತ್ಮ.

ಡಾಕ್ಟರಮ್ಮ ನನ್ನ ಬಿಪಿ ಒಂದು ಸಲ ನೋಡಿದರು. ಐದು ನಿಮಿಷ ಬಿಟ್ಟು ಇನ್ನೊಂದು ತೋಳಿನಲ್ಲಿ ನೋಡಿದರು. ಮೂತ್ರ ಪರೀಕ್ಷೆಗೆ ಕಳಿಸಿದರು. ಅವರ ಮುಖ ಗಂಭೀರವಾದದ್ದನ್ನು ಕಂಡು, ಸೊಸೆಯನ್ನು ಚೆನ್ನಾಗಿ ನೋಡಿಕೊಂಡಿಲ್ಲ ಎಂದು ಎಲ್ಲಿ ತಿಳಿದಾರೋ ಎಂದು ಅತ್ತೆ ಮುಂದೆ ಬಂದರು. “ಊಟಕ್ಕೇನೂ ಕಮ್ಮಿ ಮಾಡಿಲ್ಲ ಡಾಕ್ಟ್ರೆ. ಹೋದ ವಾರ ಒಂದ್ರಲ್ಲೇ ಮೂರು ಕೇಜಿ ಬಂದವ್ಳೆ.”

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಅದು ಊಟ ಅಲ್ಲಮ್ಮ, ನೀರು. ಬಿಪಿ ತುಂಬಾ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇದೆ. ಹೀಗೇ ಬಿಟ್ಟಿದ್ರೆ ಫಿಟ್ಸ್ ಬರೋದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.”

ನನ್ನನ್ನು ಮಲಗಿಸಿ, ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ಬಿಸಿ ನೀರು ಹರಿದಂತಾಯಿತು. ಬಿಪಿ ಇಳಿಸುವ ಔಷಧಿಯನ್ನೂ ಕೊಟ್ಟರು. ಬಿಪಿ ಸ್ವಲ್ಪ ತಹಬಂದಿಗೆ ಬಂದ ಮೇಲೆ, ಬೆಳಗ್ಗೆ ಮಗುವನ್ನು ಹೊರಗೆ ತೆಗೆಯಲೇಬೇಕು ಎಂದರು. ಎಂಟು ತಿಂಗಳ ಕೂಸು ಬದುಕುವುದಿಲ್ಲ ಎಂಬ ನಂಬಿಕೆ ಅತ್ತೆಗೆ. ಒಂಬತ್ತು ಬೀಳುವವರೆಗೆ ತಡೆಯಲಾಗದೇ ಎಂದು ಅವರು ಕೈಮುಗಿದು ಕೇಳಿದ್ದು ನನಗೆ ಕೇಳಿಸಿತು. “ತಡೆದ್ರೆ ಇಬ್ಬರನ್ನೂ ಕಳ್ಕೊಳ್ತೀವಿ” ಎಂದರು ಡಾಕ್ಟರು. ಕಾರ್ಖಾನೆಯಿಂದ ಯೂನಿಫಾರಂನಲ್ಲೇ ಓಡಿ ಬಂದಿದ್ದ ನನ್ನ ಗಂಡ ತಕ್ಷಣ ಸಹಿ ಹಾಕಿದರು.

ಬೆಳಗ್ಗೆ ಆಪರೇಷನ್ ಆಯಿತು. ಹೆಣ್ಣು ಮಗು, ಅಂಗೈಯಗಲದ ಬೆನ್ನು, ಬೆಕ್ಕಿನ ಮರಿಯಂಥ ದನಿ. ಎಂಟು ತಿಂಗಳದ್ದಾದರೂ ಗಟ್ಟಿಗಿತ್ತಿ, ಅಳುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಹತ್ತನೇ ದಿನ ಇಬ್ಬರನ್ನೂ ಅಮ್ಮನ ಮನೆಗೆ ಕಳಿಸುವಾಗ ಡಾಕ್ಟರು ಮತ್ತೆ ಮತ್ತೆ ಹೇಳಿದರು, ಹೆರಿಗೆಯಾದ ಮಾತ್ರಕ್ಕೆ ಇದು ಮುಗಿಯಿತೆಂದಲ್ಲ, ಇನ್ನೂ ಕೆಲವು ವಾರ ಬರಬಹುದು, ಅವೇ ಗುರುತುಗಳು, ನೋಡಿಕೊಳ್ಳುತ್ತಿರಿ ಎಂದು. ಈ ಸಲ ನಾನು ಯಾರ ಸೀರೆಯನ್ನೂ ನೋಡಲಿಲ್ಲ.

ನನಗಿಂತ ಗಮನವಿಟ್ಟು ಕೇಳಿದ್ದು ಅತ್ತೆ. ನಾಮಕರಣದವರೆಗೆ ಅತ್ತೆಯಾದವಳು ಬೀಗರ ಮನೆಯಲ್ಲಿ ಠಳಾಯಿಸುವುದು ಅವರ ಕಡೆಯ ಪದ್ಧತಿಯಲ್ಲ. ಆದರೂ ದಿನಾ ಬೆಳಗ್ಗೆ ಬಸ್ಸು ಹಿಡಿದು ಹಲಸೂರಿಗೆ ಬರತೊಡಗಿದರು. ಬಂದವರು ಮೊಮ್ಮಗಳನ್ನೂ ಎತ್ತಿಕೊಳ್ಳದೆ ಮೊದಲು ನನ್ನ ಹತ್ತಿರ ಕೂರುತ್ತಿದ್ದರು. ತಲೆನೋವೈತಾ? ಕಣ್ಣು ಮಿಂಚ್ತೈತಾ? ಪಕ್ಕೆ ಕೆಳಗೆ ನೋವೈತಾ? ಆಮೇಲೆ ನನ್ನ ಮುಂಗಾಲಿನ ಮೇಲೆ ಹೆಬ್ಬೆರಳು ಒತ್ತಿ, ಗುಳಿ ಬೀಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಅಮ್ಮನಿಗೆ ಒಳಗೊಳಗೇ ಕಿರಿಕಿರಿ. ಬಾಣಂತಿಯನ್ನು ನೋಡಿಕೊಳ್ಳಲು ನಮಗೆ ಬರುವುದಿಲ್ಲವೇ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಇಬ್ಬರು ಹಿರಿಯರ ನಡುವೆ ನಾನು ಮಹಾರಾಣಿಯಂತೆ ಮಲಗಿ ಬೆಳ್ಳುಳ್ಳಿ ಹುರಿದದ್ದು ತಿನ್ನುತ್ತಿದ್ದೆ. ಆ ದಿನಗಳು ಬಹಳ ಸುಖದ ದಿನಗಳು.

ಹದಿಮೂರನೇ ದಿನ ಬೆಳಗ್ಗೆ ತಲೆನೋವಿನಿಂದಲೇ ಎಚ್ಚರವಾಯಿತು. ನೀರು ಹಾಕಿಕೊಂಡ ಮೇಲೆ ಗಾಳಿ ಸೋಕಿರಬೇಕು ಎಂದು ಅಮ್ಮ ತಲೆಗೆ ಇನ್ನೊಂದು ಬಟ್ಟೆ ಸುತ್ತಿದಳು. ಇರಬಹುದು ಎಂದು ನಾನೂ ಸುಮ್ಮನಾದೆ. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ ನೋಡಿ. ಅತ್ತೆ ಬಂದರು, ಎಂದಿನಂತೆ ಕೇಳಿದರು.

“ತಲೆ ಸ್ವಲ್ಪ ನೋಯ್ತಿದೆ, ಗಾಳಿಗೆ ಅಂತೆ” ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡರು. “ಏಳು, ಹೋಗೋಣ.”

“ಬಾಣಂತೀನ ಬೀದಿಗೆ ಕರ್ಕೊಂಡು ಹೋಗ್ತೀರಾ?” ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅಮ್ಮ, ನೀವು ಆಮೇಲೆ ನನ್ನ ಎಷ್ಟಾದ್ರೂ ಬೈರಿ. ಈಗ ದಾರಿ ಬಿಡಿ” ಎಂದರು ಅತ್ತೆ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುತ್ತಾ ಡಾಕ್ಟರು ಬಿಪಿ ಮತ್ತೆ ಏರಿದೆ ಎಂದರು. ಅವತ್ತೇ ಬಂದದ್ದು ಒಳ್ಳೆಯದಾಯಿತು, ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ, ಎರಡು ದಿನ ಇಲ್ಲೇ ಇರಲಿ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಕಾರ್ಡಿನಲ್ಲಿ ಬರೆಯುತ್ತಾ ತಲೆಯೆತ್ತದೆ ಕೇಳಿದರು, “ಬರೀ ತಲೆನೋವು. ಇಷ್ಟಕ್ಕೇ ಬರ್ಬೇಕು ಅಂತ ಯಾರಿಗೆ ಹೊಳೀತು?”

ಎಲ್ಲಿಯಾದರೂ ಮೊದಲು ಬಾಯಿ ಹಾಕುವ ನಾನು ಈ ಸಲ ಅತ್ತೆಯ ಕಡೆ ನೋಡಿದೆ.

“ನನಗೆ” ಎಂದರು ಅತ್ತೆ. “ಹೋದ್ಸಲ ಗೊತ್ತಾಗ್ಲಿಲ್ಲ ಡಾಕ್ಟ್ರೆ. ಸಾಯೋ ಹಂಗಿದ್ದ ಈ ಹುಡ್ಗೀನ ತೂಕ ಹಾಕಿ ಊರಿಗೆಲ್ಲ ತೋರಿಸ್ಕೊಂಡು ಬಂದೆ.” ಆಪರೇಷನ್ನಿನ ದಿನವೂ ಅಳದಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾನು ಹಾಸಿಗೆಯಲ್ಲಿ ಆಚೆ ಸರಿದು ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಟ್ಟೆ.