ಚನ್ನವೀರ ಸಾವಕಾರನ ಬೆಳ್ಳಿ ರೇಲಿಂಗು

ಬಣ್ಣದ ಅಂಗಡಿ ಇಟ್ಟವರೆಲ್ಲ ಹೀಗೇ ಇರುತ್ತಾರೋ ಏನೋ ನನಗೆ ಗೊತ್ತಿಲ್ಲ. ಚನ್ನವೀರ ಮಾತ್ರ ಈ ಲೋಕದಲ್ಲಿ ಎರಡೇ ಬಗೆಯ ವಸ್ತುಗಳಿವೆ ಎಂದು ನಂಬಿದ್ದ. ಬಣ್ಣ ಹಚ್ಚಿದ್ದು, ಇನ್ನೂ ಹಚ್ಚಬೇಕಾದ್ದು. ತುಕ್ಕು, ಗೆದ್ದಲು, ಬಿರುಕು, ಸೋರಿಕೆ ಇವೆಲ್ಲ ಅವನ ಲೆಕ್ಕದಲ್ಲಿ ಜನರ ಸೋಮಾರಿತನದಿಂದ ಬರುವ ರೋಗಗಳು, ಒಂದು ಕೈ ಬಣ್ಣ ಎಳೆದರೆ ವಾಸಿಯಾಗುವಂಥವು.

ಮುಧೋಳದ ಕಡೆಯವನು. ಹುಡುಗನಾಗಿದ್ದಾಗ ಪುಣೆಗೆ ಬಂದು, ಬಣ್ಣದ ಅಂಗಡಿಯೊಂದರಲ್ಲಿ ಡಬ್ಬಿ ಕಲಕುತ್ತ ಕಲಕುತ್ತ ಬಿಬವೇವಾಡಿಯಲ್ಲಿ ತನ್ನದೇ ಅಂಗಡಿ ಹಾಕಿದ. ಅದರ ಹಿಂದಿನ ಓಣಿಯಲ್ಲಿ ೧೯೭೮ರಲ್ಲಿ ಮೂರಂತಸ್ತಿನ ಕಟ್ಟಡ ಕಟ್ಟಿಸಿ, ತಾಯಿ ಶಿವಗಂಗವ್ವನ ಹೆಸರಿಟ್ಟ. ಬಾಗಿಲ ಮೇಲಿನ ಕಲ್ಲಿನಲ್ಲಿ ತಾಯಿಯ ಹೆಸರು ಬೆರಳುದ್ದ, ತನ್ನ ಹೆಸರು ಗೇಣುದ್ದ ಕೆತ್ತಿಸಿದ. ಜಿಪುಣ ಎಂದು ಅವನನ್ನು ಯಾರೂ ಬೈಯುವಂತಿಲ್ಲ. ಕಣ್ಣಿಗೆ ಬೀಳುವಂಥದ್ದಕ್ಕೆ ಅವನು ಕೈಬಿಚ್ಚಿ ಖರ್ಚು ಮಾಡುತ್ತಿದ್ದ. ಕಣ್ಣಿಗೆ ಬೀಳದ್ದು ಅವನ ಪಾಲಿಗೆ ಇರಲೇ ಇಲ್ಲ.

ನಾನು ಮಾಂತು. ಅದೇ ಓಣಿಯ ಕೊನೆಗೆ ನನ್ನ ವೆಲ್ಡಿಂಗ್ ಅಂಗಡಿ. ಗ್ರಿಲ್ಲು, ಗೇಟು, ರೇಲಿಂಗು ಮಾಡಿ ಹೊಟ್ಟೆ ಹೊರೆಯುವವನು. ಚನ್ನವೀರನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಎದುರಿಗೆ 'ಸಾವಕಾರ್ರ' ಎಂದು ಕರೆದು, ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದೆ.

ಆ ಕಟ್ಟಡದ ಮೇಲಂತಸ್ತಿನಲ್ಲಿ ಸಾಲಾಗಿ ಆರು ಮನೆ. ಎದುರಿಗೆ ಪಡುವಣ ದಿಕ್ಕಿಗೆ ತೆರೆದ ಉದ್ದನೆಯ ಗ್ಯಾಲರಿ, ಅದರ ಕೊನೆಗೆ ಎಲ್ಲರಿಗೂ ಸೇರಿ ಒಂದು ಪಾಯಿಖಾನೆ. ಗ್ಯಾಲರಿಯ ಅಂಚಿಗೆ ಕಬ್ಬಿಣದ ರೇಲಿಂಗು, ಕೈ ಹಿಡಿಯಲು ಅದರ ಮೇಲೆ ಸಾಗವಾನಿ ಪಟ್ಟಿ. ಪುಣೆಯ ಏಪ್ರಿಲ್-ಮೇ ತಿಂಗಳ ಬಿಸಿಲು ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಅಲ್ಲಿಗೇ ಹೊಡೆಯುತ್ತದೆ. ಹನ್ನೆರಡು ವರ್ಷದಲ್ಲಿ ಕಟ್ಟಿಗೆ ಸೀಳಿ ಸಿಬಿರೆದ್ದಿತು. ಹೊಸ ಪಟ್ಟಿ ಹಾಕಿಸುವುದು ಬಿಟ್ಟು ಚನ್ನವೀರ ಹಳೆಯದನ್ನು ಕೀಳಿಸಿ ಸ್ನಾನದ ಒಲೆಗೆ ಹಾಕಿಸಿದ. ಉಳಿದ ಬರಿಯ ಕಬ್ಬಿಣಕ್ಕೆ ಸಿಲ್ವರ್ ಪೇಂಟು ಬಂತು. ಅಂದಿನಿಂದ ಪ್ರತಿ ದೀಪಾವಳಿಗೆ ಒಂದು ಕೈ. ತುಕ್ಕು ಕೆರೆಯುವುದಿಲ್ಲ, ತಿಕ್ಕುವುದಿಲ್ಲ, ಅದರ ಮೇಲೇ ಬಳಿಯುವುದು.

ತಪಾಸಣೆಯನ್ನೂ ಮಾಡುತ್ತಿದ್ದ ಮಹಾರಾಯ. ಭಾನುವಾರ ಅಂಗಡಿ ಮುಚ್ಚಿ, ಊಟ ಮಾಡಿ, ಎರಡು ಗಂಟೆಯ ಬಿಸಿಲಲ್ಲಿ ಮೇಲೆ ಹತ್ತಿ ಬರುತ್ತಿದ್ದ. ಆ ಹೊತ್ತಿಗೆ ಕಬ್ಬಿಣವನ್ನು ಮುಟ್ಟಿದರೆ ಚುರ್ ಎನ್ನುತ್ತದೆ. ಹಾಗಾಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬರ ಪರಿಶೀಲನೆಗೆ ಬಂದ ಮಂತ್ರಿಯ ಹಾಗೆ ಈ ತುದಿಯಿಂದ ಆ ತುದಿಗೆ ನಡೆದು, 'ಚಕಾಚಕ್ ಅದ' ಎಂದು ಹೇಳಿ ಇಳಿದು ಹೋಗುತ್ತಿದ್ದ. ಒಮ್ಮೆ ಅವನು ಹೋದ ಮೇಲೆ ನಾನು ಸ್ಕ್ರೂಡ್ರೈವರಿನಿಂದ ಒಂದು ಕಂಬದ ಬುಡ ಕೆರೆದು ನೋಡಿದೆ. ಒಂಬತ್ತು ಪದರ ಬಣ್ಣ ಬಂತು. ಅದರ ಒಳಗೆ ಕಬ್ಬಿಣ ಸಿಗಲಿಲ್ಲ, ಕೆಂಪು ಪುಡಿ ಉದುರಿತು.

ಬೇರೆಯವರಿಗೆ ಆ ರೇಲಿಂಗು ಬಟ್ಟೆ ಒಣಹಾಕಲಿಕ್ಕೆ. ಅವ್ವಣ್ಣ ಕಾಕಾನಿಗೆ ಅದು ದಾರಿ. ಮೊದಲ ಮನೆಯಲ್ಲಿ ಹೆಂಡತಿ ಕಾಶವ್ವನ ಜೊತೆ ಇದ್ದ ಅವ್ವಣ್ಣ ದೌಂಡಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತನಾದವನು. ನಿಂತ ಗಾಡಿಯ ಗಾಲಿಗಳಿಗೆ ಉದ್ದ ಹಿಡಿಕೆಯ ಸುತ್ತಿಗೆಯಿಂದ ಬಡಿಯುತ್ತ ಹೋಗುವುದು ಅವನ ಕೆಲಸ. ಗಟ್ಟಿ ಗಾಲಿಯ ನಾದ ಬೇರೆ, ಬಿರುಕು ಬಿಟ್ಟದ್ದರ ನಾದ ಬೇರೆ. ಮೂವತ್ತು ವರ್ಷ ಕಿವಿಯಿಂದಲೇ ಕಬ್ಬಿಣ ನೋಡಿದವನು. ಸಕ್ಕರೆ ರೋಗ ಅವನ ಎರಡೂ ಕಣ್ಣು ತಿಂದಿತ್ತು. ಈಗ ಪಾಯಿಖಾನೆಗೆ ಹೋಗಬೇಕೆಂದರೆ ಕೈಗೆ ಒದ್ದೆ ಟವಲು ಸುತ್ತಿಕೊಂಡು, ರೇಲಿಂಗು ಹಿಡಿದು, ನಲವತ್ತು ಹೆಜ್ಜೆ ನಡೆಯುತ್ತಿದ್ದ. ಹೆಂಡತಿಯ ಕೈ ಹಿಡಿದು ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಅವನ ಮಾನ ಅಷ್ಟರ ಮೇಲೆ ನಿಂತಿತ್ತು.

ಒಂದು ಭಾನುವಾರ ಅವನು ಚನ್ನವೀರನನ್ನು ನಿಲ್ಲಿಸಿ, ಊರುಗೋಲಿನಿಂದ ಕಂಬಕ್ಕೆ ಬಡಿದು ತೋರಿಸಿದ.

"ಕೇಳ್ರಿ ಸಾವಕಾರ್ರ. ಇದು ಒಳಗ ತಿಂದು ಹೋಗ್ಯದ. ಬದಲಿ ಮಾಡಸ್ರಿ."

"ಮೊನ್ನೆರ ಬಣ್ಣಾ ಹಚ್ಚೇನ್ರಿ ಅವ್ವಣ್ಣಾರ. ಹೆಂಗ ಮಿಂಚಾಕತ್ತದ! ನಿಮಗ ಕಾಣೂದಿಲ್ಲ, ಅದಕ್ಕ ಹಂಗ ಅನಸ್ತದ," ಎಂದು ಚನ್ನವೀರ ನಕ್ಕ.

ಕುರುಡನಿಗೆ ಹೀಗೆನ್ನಲು ಎಷ್ಟು ದಪ್ಪ ಚರ್ಮ ಬೇಕು ನೋಡಿ. ಅವನ ಮೈಗೂ ಒಂಬತ್ತು ಪದರ ಬಣ್ಣ ಬಳಿದಿರಬೇಕು ಎಂದುಕೊಂಡೆ.

೨೦೦೩ ಬಂತು. ಕಟ್ಟಡಕ್ಕೆ ಇಪ್ಪತ್ತೈದು ತುಂಬಿತು. ಮೇ ತಿಂಗಳಲ್ಲಿ ಬೆಳ್ಳಿ ಹಬ್ಬ ಮಾಡುವುದು, ಪೆಂಡಾಲು, ಊಟ, ವಾರ್ಡಿನ ದೊಡ್ಡವರಿಗೆ ಶಾಲು, ಫೋಟೋ ಎಂದು ಚನ್ನವೀರ ಕುಣಿದಾಡಿದ. ಆಗ ಊರಲ್ಲೆಲ್ಲ ಸ್ಟೀಲಿನ ಹುಚ್ಚು. ಊರಾಚೆ ಖರಾಡಿಯಲ್ಲಿ ಏಳುತ್ತಿದ್ದ ಆಫೀಸುಗಳಲ್ಲಿ ಕನ್ನಡಿಯಂಥ ಸ್ಟೀಲ್ ರೇಲಿಂಗು ನೋಡಿ ಬಂದಿದ್ದ. ನನ್ನನ್ನು ಕರೆಸಿದ.

"ಬೆಳ್ಳಿ ಹಬ್ಬಕ್ಕ ಬೆಳ್ಳಿ ರೇಲಿಂಗ ಬೇಕು ಮಾಂತು. ಕೆಳಗ ಓಣ್ಯಾಗ ನಿಂತವರ ಕಣ್ಣು ಕುಕ್ಕಬೇಕು."

ಹಳೆಯದನ್ನು ಕಿತ್ತು ನೋಡಿದೆ. ಕಂಬಗಳು ನೆಟ್ಟಿದ್ದ ಗ್ಯಾಲರಿಯ ಅಂಚು ಬೆಲ್ಲದ ಹೆಂಟೆಯಂತೆ ಉದುರುತ್ತಿತ್ತು. ತುಕ್ಕು ಕೆಳಗಿಳಿದು ಸಿಮೆಂಟನ್ನು ಒಳಗಿನಿಂದ ಸೀಳಿತ್ತು. ಡ್ರಿಲ್ ಇಟ್ಟರೆ ತಾನಾಗಿಯೇ ಇಳಿಯಿತು.

"ಅಂಚು ಒಡದು ಹೊಸದಾಗಿ ಕಟ್ಟಬೇಕ್ರಿ ಸಾವಕಾರ್ರ. ಇಲ್ಲಾಂದ್ರ ಬೋಲ್ಟು ಹಿಡಿಯೂದಿಲ್ಲ," ಎಂದೆ.

"ಮುಂದಿನ ಗ್ವಾಡಿಗೆ ನಿನ್ನೆ ಬಣ್ಣಾ ಮುಗದದ. ಒಡದ್ರ ಎಲ್ಲಾ ಹಾಳ. ಹಬ್ಬಕ್ಕ ನಾಕ ದಿನಾ ಅದ. ಬುಡಕ್ಕ ಆ ಸ್ಟೀಲಿನ ಮುಚ್ಚಳಾ ಕೂಡಸ್ತಾರಲ್ಲ, ಬಟ್ಟಲಾ ಬೋರಲ ಹಾಕಿದಂಗ? ಅದನ್ನ ಹಾಕು. ಯಾರಿಗೆ ಕಾಣ್ತದ?"

ಎದ್ದು ಬರಬೇಕಿತ್ತು. ಬರಲಿಲ್ಲ. ಸ್ಟೀಲಿನಲ್ಲಿ ಅದು ನನ್ನ ಮೊದಲ ದೊಡ್ಡ ಕೆಲಸ. ಖರಾಡಿಯ ಒಬ್ಬ ಕಂತ್ರಾಟುದಾರನನ್ನು ಹಬ್ಬಕ್ಕೆ ಕರೆದು ಅದನ್ನು ತೋರಿಸುತ್ತೇನೆ ಎಂದು ಚನ್ನವೀರ ಆಸೆ ಹಚ್ಚಿದ್ದ. ಉದುರುವ ಅಂಚಿನಲ್ಲಿ ಎರಡಿಂಚು ಬೋಲ್ಟು ತಿರುಗಿಸಿ, ಮೇಲೆ ಮುಚ್ಚಳ ಕೂಡಿಸಿ, ಮೃದು ಬಟ್ಟೆಯಿಂದ ಒರೆಸಿದೆ. ಎಲ್ಲ ಅವನದೇ ತಪ್ಪು, ಹೇಳುವುದನ್ನು ನಾನು ಹೇಳಿದ್ದೇನೆ ಎಂದು ಮನಸ್ಸಿನಲ್ಲೇ ಅವನ ಜನ್ಮ ಜಾಲಾಡಿದೆ. ಮೂರು ದಿನ ಬೈಯುತ್ತಲೇ ಕೆಲಸ ಮುಗಿಸಿದೆ.

ಮುಗಿದ ಸಂಜೆ ಅವ್ವಣ್ಣ ಕಾಕಾ ಹೊಸ್ತಿಲಿಗೆ ಬಂದು ನಿಂತ. ಊರುಗೋಲಿನಿಂದ ಮೊದಲ ಕಂಬಕ್ಕೆ ಒಮ್ಮೆ ಬಡಿದ, ಬುಡಕ್ಕೆ ಒಮ್ಮೆ ಬಡಿದ.

"ಮಾಂತು, ನೀನ ಕೂಡಿಸಿದ್ದೇನು ಇದು?"

"ಹೌದ್ರಿ ಕಾಕಾ."

"ಹಿಡೀಲಿ?"

ಚನ್ನವೀರ ಪಕ್ಕದಲ್ಲೇ ನಿಂತಿದ್ದ. ಆ ಕಂತ್ರಾಟುದಾರ ನಾಳೆ ಬರುವವನಿದ್ದ.

"ಹಿಡೀರಿ," ಎಂದೆ.

ಅವನು ಹಿಡಿದ. ನಲವತ್ತು ಹೆಜ್ಜೆ ಹೋಗಿ, ನಲವತ್ತು ಹೆಜ್ಜೆ ಬಂದ. ಏನೂ ಆಗಲಿಲ್ಲ. ಮರುದಿನ ಹಬ್ಬವೂ ಆಯಿತು. ಚನ್ನವೀರ ಜರಿ ರುಮಾಲು ಸುತ್ತಿಕೊಂಡು ತೆಂಗಿನಕಾಯಿ ಒಡೆದ. ರೇಲಿಂಗಿಗೆ ಒರಗಿದ ಭಂಗಿಯಲ್ಲಿ ಫೋಟೋ ತೆಗೆಸಿಕೊಂಡ, ಆದರೆ ಒರಗಲಿಲ್ಲ, ಒಂದು ಗೇಣು ದೂರವೇ ನಿಂತ. ಬಿಸಿ ಎಂದ. ಕಂತ್ರಾಟುದಾರ ಊಟ ಮಾಡಿ, ಕೈ ತೊಳೆದು, ರೇಲಿಂಗಿನ ಕಡೆ ಕಣ್ಣೆತ್ತಿಯೂ ನೋಡದೆ ಹೋದ.

ಒಂಬತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಓಣಿಯಲ್ಲಿ ಕೂಗು ಎದ್ದಿತು. ನಾನು ಓಡಿದೆ. ಅವ್ವಣ್ಣ ಹೋಗುವಾಗ ನಡುವಿನ ಎರಡು ಕಂಬ ಬುಡಸಮೇತ ಕಿತ್ತು ಬಂದಿದ್ದವು. ಮೇಲಿನ ಪೈಪು ಉದ್ದಕ್ಕೂ ಒಂದೇ ಆಗಿದ್ದರಿಂದ ಪೂರ್ತಿ ಬೀಳದೆ ಹೊರಕ್ಕೆ ಬಾಗಿ ಜೋತುಬಿದ್ದಿತ್ತು. ಅದರ ಮೇಲೆ ಅವ್ವಣ್ಣನ ಅರ್ಧ ಮೈ. ಕೈಗೆ ಸುತ್ತಿದ್ದ ಟವಲು ಆಗಲೇ ಕೆಳಗೆ ಓಣಿಗೆ ಬಿದ್ದಿತ್ತು. ಮೇ ತಿಂಗಳ ಬಿಸಿಲಲ್ಲಿ ಕಾದ ಸ್ಟೀಲನ್ನು ಅವನು ಬರಿಗೈಯಲ್ಲಿ ಹಿಡಿದುಕೊಂಡಿದ್ದ. ಕಾಶವ್ವ ಅವನ ಧೋತರ ಹಿಡಿದಿದ್ದಳು, ಪಕ್ಕದ ಮನೆಯ ದೀಪಾಲಿ ಕಾಶವ್ವನ ಸೊಂಟ ಹಿಡಿದು ಕುಳಿತಿದ್ದಳು. ನಾನು ಮೇಲೆ ಮುಟ್ಟುವುದರೊಳಗೆ ಇಬ್ಬರೂ ಅವನನ್ನು ಒಳಗೆ ಎಳೆದುಕೊಂಡಿದ್ದರು. ಜೀವಕ್ಕೆ ಏನೂ ಆಗಿರಲಿಲ್ಲ. ಎರಡೂ ಅಂಗೈ ಬೊಬ್ಬೆ ಎದ್ದು ಸುಲಿದಿದ್ದವು.

ಚನ್ನವೀರ ಏದುಸಿರು ಬಿಡುತ್ತ ಬಂದ. ಮೊದಲು ನೋಡಿದ್ದು ಅವ್ವಣ್ಣನನ್ನಲ್ಲ, ಬಾಗಿದ ಪೈಪನ್ನು.

"ಎರಡ ಕಂಬ ಅಲ್ಲ? ಸಿಮೆಂಟ ಮೆತ್ತಿ ಮುಚ್ಚಳಾ ಕೂಡಸು," ಎಂದ ನನಗೆ.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. ಅವನ ಬಣ್ಣ, ಅವನ ಹಬ್ಬ, ಅವನ ರುಮಾಲು ಯಾವುದನ್ನೂ ಬಿಡಲಿಲ್ಲ. ಮೇಲಂತಸ್ತಿನವರೆಲ್ಲ ಕೇಳುತ್ತ ನಿಂತರು. ಹೇಳಿ ಮುಗಿಸಿ, ಸಾಕ್ಷಿ ಕೇಳುವವನಂತೆ ಅವ್ವಣ್ಣ ಕಾಕಾನ ಕಡೆ ತಿರುಗಿದೆ.

"ನೀವರ ಹೇಳ್ರಿ ಕಾಕಾ. ನಿಮ್ಮ ಕಿವಿಗೆ ಮೊದಲಿಂದನೂ ಗೊತ್ತಿತ್ತಲ್ಲ ಇವರ ಕಾರಭಾರ?"

"ಗೊತ್ತಿತ್ತು," ಎಂದ ಅವನು. ಕಾಶವ್ವ ಅಂಗೈಗೆ ತಣ್ಣೀರು ಸುರಿಯುತ್ತಿದ್ದಳು. "ಆವತ್ತ ಬುಡಕ್ಕ ಬಡದಾಗನ ನಾದ ಸರಿ ಬರಲಿಲ್ಲ. ಆದ್ರ ನೀ ಹಿಡೀರಿ ಅಂದಿ. ನನ್ನ ಕಿವೀಗೂ ವಯಸ್ಸಾತು ಅನ್ಕೊಂಡು ಹಿಡದೆ."

ಚನ್ನವೀರನಿಗೆ ಗೊತ್ತಿರಲಿಲ್ಲ, ಅವನು ಮೂರ್ಖ. ನನಗೆ ಗೊತ್ತಿತ್ತು. ನಾಚಿಕೆಯಿಂದ ಅಲ್ಲಿ ನಿಲ್ಲಲಾಗದೆ ಇಳಿದು ಬಂದೆ.

ಚನ್ನವೀರ ಅಷ್ಟಕ್ಕೆಲ್ಲ ಬಗ್ಗುವ ಆಸಾಮಿಯಲ್ಲ. ಒಡೆಯುವ ಮಾತು ಮಳೆಗಾಲ ಮುಗಿದ ಮೇಲೆ ನೋಡೋಣ ಎಂದ. ಆಗ ಕಾಶವ್ವ ಒಂದು ಕೆಲಸ ಮಾಡಿದಳು. ಮರುದಿನ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಬಣ್ಣದ ಅಂಗಡಿಯ ಬಾಗಿಲಿಗೆ ಹೋದಳು, ಒಂದು ಕುರ್ಚಿ ಹಾಕಿ ಕೂಡಿಸಿದಳು. ಎರಡೂ ಕೈಗೆ ಬಿಳಿ ಪಟ್ಟಿ. ಡಬ್ಬಿ ಕೊಳ್ಳಲು ಬಂದವರೆಲ್ಲ ಏನಾಯಿತೆಂದು ತಿಳಿಯಲು, "ಕಾಯ ಝಾಲಂ ಕಾಕಾ?" ಎಂದು ಕೇಳುವರು. ಅವ್ವಣ್ಣ ತನ್ನ ಹರಕು ಮರಾಠಿಯಲ್ಲಿ ಮೊದಲಿನಿಂದ ಸಾವಕಾಶ ಹೇಳುವನು. ಬೈಯಲಿಲ್ಲ, ಅಳಲಿಲ್ಲ. ಎರಡು ದಿನಕ್ಕೆ ಚನ್ನವೀರನ ಮುಖದ ಬಣ್ಣ ಹೋಯಿತು. ಮೂರನೆಯ ದಿನ ಗಾರೆ ಕೆಲಸದ ಗೌಂಡಿಗಳು ಬಂದರು.

ಈ ಸಲ ಗ್ಯಾಲರಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಒಡೆದೆವು. ಒಳಗಿನ ಸರಳುಗಳು ಕಡ್ಡಿಯಷ್ಟು ತೆಳ್ಳಗಾಗಿದ್ದವು. ಹೊಸ ಸರಳು ಕಟ್ಟಿ, ಕಾಂಕ್ರೀಟು ಹಾಕಿ, ಹದಿನೈದು ದಿನ ಗೋಣಿಚೀಲ ಹೊದಿಸಿ ನೀರುಣಿಸಿದೆ. ಕಂಬದ ಕೆಳಗಿನ ದಪ್ಪ ಪಟ್ಟಿಯನ್ನು ಹೊಸ ಕಾಂಕ್ರೀಟಿಗೇ ಬಿಗಿದೆ. ಮುಚ್ಚಳ ಹಾಕಲಿಲ್ಲ, ಬೋಲ್ಟು ಕಾಣುವಂತೆಯೇ ಬಿಟ್ಟೆ. ಕೈ ಸುಡದ ಹಾಗೆ ಮೇಲೆ ಸಾಗವಾನಿ ಪಟ್ಟಿ ಕೂಡಿಸಿ ಎಣ್ಣೆ ಹಚ್ಚಿದೆ. ಚನ್ನವೀರ ಬಂದು ನೋಡಿ, ಬೋಲ್ಟು ಚಂದ ಕಾಣುವುದಿಲ್ಲ ಎಂದ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕೆಲಸ ಮುಗಿದ ದಿನ ಅವ್ವಣ್ಣ ಬಾಗಿಲಲ್ಲಿ ನಿಂತಿದ್ದ. ಕೈಯ ಪಟ್ಟಿ ಬಿಚ್ಚಿದ್ದರು, ಹೊಸ ಚರ್ಮ ಇನ್ನೂ ಕೆಂಪಗೆ ಇತ್ತು. ಬಡಿಯಲು ಊರುಗೋಲು ಎತ್ತಿದವನು ಹಾಗೇ ಇಳಿಸಿದ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಸರಿದು, ಚೌಕಟ್ಟಿಗೆ ಕೈ ಆನಿಸಿ ನಿಂತ. ಹೋಗಬೇಕಾಗಿತ್ತು, ಆದರೆ ಕೈ ಮುಂದೆ ಬರುತ್ತಿರಲಿಲ್ಲ.

ಕಾಶವ್ವ ಅದನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಸಾವಕಾರ್ರ, ಇತ್ತ ಬರ್ರಿ. ಮಾಂತು, ನೀನೂ ಬಾ. ಇಬ್ಬರೂ ಇದಕ್ಕ ಬೆನ್ನು ಹಚ್ಚಿ ನಿಂದರ್ರಿ. ಮೈಭಾರ ಪೂರಾ ಹಾಕ್ರಿ."

"ಏನ ಮಾತದು ಕಾಶವ್ವಾ, ಎಲ್ಲಾರೂ ನೋಡ್ತಾರ," ಎಂದ ಚನ್ನವೀರ. ಅವನ ಹಣೆಯಲ್ಲಿ ಬೆವರು ಬಂದಿತ್ತು.

"ನೋಡಲಿ. ಅವರು ಆ ತುದೀಗೆ ಹೋಗಿ ಬರೂತನಕಾ ಅಲ್ಲಾಡಬ್ಯಾಡ್ರಿ."

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಚನ್ನವೀರ ತನ್ನ ಕಟ್ಟಡದ ರೇಲಿಂಗಿಗೆ ಒರಗಿದ. ಅವನ ಹೆಗಲಿಗೆ ಹೆಗಲು ತಾಗಿಸಿ ನಾನೂ ಒರಗಿದೆ. ಬೆನ್ನ ಹಿಂದೆ ಮೂರಂತಸ್ತಿನ ಬಯಲು. ಅವನು ನನ್ನ ತೋಳು ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.

"ಇಬ್ಬರೂ ಒರಗಿ ನಿಂತಾರ. ಈಗ ಹಿಡೀರಿ," ಎಂದು ಕಾಶವ್ವ ಗಂಡನಿಗೆ ಹೇಳಿದಳು.

ಅವ್ವಣ್ಣ ಕೈ ಚಾಚಿ ಕಟ್ಟಿಗೆಯನ್ನು ಮುಟ್ಟಿದ. ನಮ್ಮಿಬ್ಬರನ್ನು ದಾಟುವಾಗ ಮೊದಲು ಚನ್ನವೀರನ ಎದೆಯನ್ನೂ ಆಮೇಲೆ ನನ್ನ ಎದೆಯನ್ನೂ ಕೈಯಿಂದ ಮುಟ್ಟಿ, ಇದ್ದೇವೆಂದು ಖಾತ್ರಿ ಮಾಡಿಕೊಂಡು ಮುಂದೆ ನಡೆದ.