ಆಯಿಗೆ ಹೇಳಿದ ಇಂಗ್ಲಿಷ್ ಪಾಠ

ದಿನಕ್ಕೊಂದು ಸೇರು ಎಮ್ಮೆಯ ಹಾಲು, ನನ್ನ ಇಂಗ್ಲಿಷಿಗೆ ಬಿದ್ದ ಬೆಲೆ ಅದು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅದೊಂದೇ ವಿಷಯದಲ್ಲಿ ನಪಾಸಾಗಿದ್ದೆ. ಅಕ್ಟೋಬರಿನ ಮರುಪರೀಕ್ಷೆಯಲ್ಲೂ ಹೋದರೆ ಕೊಗನೊಳ್ಳಿಯ ವರನಿಗೆ ಒಪ್ಪಿಗೆ ಹೇಳುವುದು, ಪಾಸಾದರೆ ಚಿಕ್ಕೋಡಿಯ ಕಾಲೇಜು ಎಂದು ಅಪ್ಪ ತೀರ್ಮಾನಿಸಿದ್ದ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸುಶೀಲಾ ಅಕ್ಕೋರು ಮನೆಪಾಠಕ್ಕೆ ದುಡ್ಡು ಬೇಡವೆಂದರು, ತಮ್ಮ ಮುದಿ ತಾಯಿಗೆ ನೀರು ಬೆರೆಸದ ಹಾಲು ಸಾಕೆಂದರು. ಚೌಕಾಶಿ ನಾನೇ ಮಾಡಿದೆ: ಹಾಲು ತಂದವಳನ್ನು ಭಾನುವಾರವೂ ಒಂದು ತಾಸು ಕೂರಿಸಿಕೊಳ್ಳಬೇಕು. ಪಾಠದ ಗುಂಗಿನಲ್ಲಿ ಅಕ್ಕೋರು ಒಲೆಯನ್ನು ಮರೆಯುತ್ತಿದ್ದರು. ಇಂದಿಗೂ ಹಾಲು ತಳ ಹಿಡಿದ ವಾಸನೆ ಬಂದರೆ ಸದಲಗಾದ ಅವರ ಮಣ್ಣಿನ ಮಾಳಿಗೆಮನೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲು, ಕಂಬಕ್ಕೆ ಒರಗಿ ಜೋಳ ಹಸನು ಮಾಡುತ್ತಿದ್ದ ಅಕ್ಕೋರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಕಣ್ಣೆದುರು ಬರುತ್ತಾರೆ.

ಗೈಡಿನಲ್ಲಿದ್ದ ಪ್ಯಾಸೇಜುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಪರೀಕ್ಷೆಯಲ್ಲಿ ಅವುಗಳಲ್ಲಿ ಒಂದೂ ಬರಲಿಲ್ಲ. ಕೊಟ್ಟಿದ್ದ ಪ್ಯಾಸೇಜನ್ನೇ ಪ್ರತಿ ಪ್ರಶ್ನೆಯ ಕೆಳಗೂ ಇಡಿಯಾಗಿ ಇಳಿಸಿದೆ. ಉತ್ತರ ಅದರಲ್ಲೇ ಎಲ್ಲೋ ಇರುತ್ತದಲ್ಲ ಎಂಬ ಲೆಕ್ಕ. ಕೇಳಿದ ಅಕ್ಕೋರು ನಗಲಿಲ್ಲ.

“ನಿಮ್ಮಪ್ಪ ಬಜಾರದಾಗ ಎಮ್ಮಿ ಹೆಂಗ ನೋಡ್ತಾನ?”

“ಮೊದಲ ಹಲ್ಲರಿ, ಆಮ್ಯಾಲ ಕೆಚ್ಚಲರಿ.”

“ಬಾಲಾ?”

“ಬಾಲ ತಗೊಂಡು ಏನ್ ಮಾಡೂದ್ರಿ?”

“ಮತ್ತ ಪೇಪರಿನ್ಯಾಗ ಇಡೀ ಎಮ್ಮೀನ ಯಾಕ ಹೊಡಕೊಂಡು ಹೋಗಿದ್ದಿ, ಖೋಡಿ?”

ಅಂದಿನಿಂದ ಮೊದಲು ಪ್ರಶ್ನೆ ಓದುವುದು, ಏನು ಹುಡುಕಬೇಕೆಂದು ತಿಳಿದ ಮೇಲೆ ಪ್ಯಾಸೇಜಿಗೆ ಇಳಿಯುವುದು. ಓದಿದ್ದನ್ನು ಅಕ್ಷರ ಬಾರದ ಆಯಿಗೆ ಕನ್ನಡದಲ್ಲಿ ಹೇಳಬೇಕಿತ್ತು. ನಾನು ಅಲ್ಪವಿರಾಮಗಳನ್ನು ನುಂಗಿ ಓಡಿದರೆ ಆಯಿ ಮೊರದಿಂದ ಕೈ ಎತ್ತುತ್ತಿದ್ದರು: “ಥಾಂಬ ಗ, ಉಸುರು ತಗೋ.” ತಡವರಿಸಿದರೆ ಮರಾಠಿಯಲ್ಲಿ, “ಮಗ ಕಾಯ ಝಾಲಂ?” ಮುಂದೇನಾಯಿತು ಎಂಬ ಆ ಪ್ರಶ್ನೆಗೆ ನಾನು ಅಕ್ಕೋರ ಬೆತ್ತಕ್ಕಿಂತ ಹೆಚ್ಚು ಹೆದರುತ್ತಿದ್ದೆ. ಒಂದು ದಿನ, ಪ್ರವಾಹದಲ್ಲಿ ಕಾಗದ ಒಯ್ದ ಅಂಚೆಯವನ ಪಾಠ. ಮುಟ್ಟಿಸಿದ ಎಂದು ಮುಗಿಸಿಬಿಟ್ಟೆ. “ನೀರು ಏರಿತ್ತಂದಿ. ದಾಟಿದ್ದ ಹೆಂಗ?” ಎಂದರು ಆಯಿ. ಅಲ್ಲೇ ನಾನು ಗೊತ್ತಿಲ್ಲದ ಒಂದು ಪದವನ್ನು ಹಾರಿಸಿದ್ದೆ. ಶಬ್ದಕೋಶ ತೆಗೆದು ನೋಡಿದರೆ ಆ ಮನುಷ್ಯ ಹಗ್ಗಕ್ಕೆ ಜೋತುಬಿದ್ದು ದಾಟಿದ್ದ! ಇಂಗ್ಲಿಷಿನೊಳಗೆ ಜೀವವಿರುವ ಮನುಷ್ಯ ನನಗೆ ಕಂಡದ್ದು ಅದೇ ಮೊದಲು.

ಅಕ್ಟೋಬರಿನ ಪ್ಯಾಸೇಜು ದೀಪಸ್ತಂಭ ಕಾಯುವ ಮುದುಕನದು. ಸಮುದ್ರವನ್ನು ನಾನು ಕಂಡೇ ಇರಲಿಲ್ಲ. ಆದರೂ ಒಂದೊಂದೇ ಸಾಲಿನಲ್ಲಿ ಉತ್ತರ ಬರೆದು ಎದ್ದು ಬಂದೆ. ಪಾಸಾದೆ. ಅಪ್ಪ ತಾನೇ ಕೊಗನೊಳ್ಳಿಗೆ ಹೋಗಿ, “ಹುಡುಗಿ ಕಾಲೇಜಿಗೆ ಹೊಂಟಾಳ್ರಿ” ಎಂದು ಹೇಳಿ ಬಂದ. ಪ್ಯಾಸೇಜಿನ ಕಥೆ ಹೇಳಿದಾಗ ಆಯಿ ಮಾತ್ರ ಆ ದೀಪಸ್ತಂಭದ ಮುದುಕನಿಗೆ ಊಟ ಕೊಡುತ್ತಿದ್ದವರು ಯಾರೆಂದು ಕೇಳಿದರು. ಅದನ್ನು ಬರೆದಿಲ್ಲ ಎಂದೆ. “ಹಂಗಾರ ಬರದಾಂವ ಅರ್ಧಾ ಬಿಟ್ಟಾನ” ಎಂದರು.

ಈಗ ಅಥಣಿಯಲ್ಲಿ ನನ್ನದು ದ್ರಾಕ್ಷಿ ವ್ಯಾಪಾರ. ಕರಾರುಪತ್ರವನ್ನು ಇನ್ನೊಬ್ಬರಿಂದ ಓದಿಸುವ ಗರಜಿಲ್ಲ. ಆಯಿ ಹೋದರು, ಅಕ್ಕೋರೂ ಹೋದರು, ಮಾಳಿಗೆ ಇದ್ದ ಜಾಗದಲ್ಲಿ ಗೊಬ್ಬರದ ಅಂಗಡಿ ಬಂದಿದೆ. ನಿಮ್ಮ ಮಗಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿದ್ದರೆ ಇನ್ನೊಂದು ಗೈಡು ಕೊಳ್ಳಬೇಡಿ. ಟಿವಿ ಬಂದ್ ಮಾಡಿ, ಹತ್ತಿರ ಕುಳಿತು, ಓದಿದ್ದನ್ನು ನಿಮ್ಮ ಮನೆಮಾತಿನಲ್ಲಿ ಹೇಳೆನ್ನಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು, ಅವಳು ಪೂರ್ತಿ ಬಿಡಿಸಿ ಹೇಳಲೇಬೇಕಾಗುತ್ತದೆ. ತಿಳಿಯದಿದ್ದರೆ ತಿಳಿಯಲಿಲ್ಲವೆಂದು ನಾಚದೆ ಹೇಳಿ. ಅವಳು ಹೇಳಿ ಮುಗಿಸುವವರೆಗೆ ಮಾತ್ರ ಎದ್ದು ಹೋಗಬೇಡಿ.